ಮೂಳೆ ಮುಗಿದ ಜಾಗದಲ್ಲಿ ಊಹೆ ಶುರು: ಡೈನೋಸಾರ್‌ನಿಂದ ಮಕರದವರೆಗೆ ಚಿತ್ರ ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ತಿಪಟೂರಿನವನು, ಬಿ.ಎಸ್ಸಿ. ಎರಡನೇ ವರ್ಷ. ಚಿಕ್ಕಂದಿನಿಂದ ಡೈನೋಸಾರ್ ಚಿತ್ರ ಬಿಡಿಸುತ್ತೇನೆ. ಫೋನಿನಲ್ಲಿರುವ ಚಿತ್ರ ನೋಡಿಕೊಂಡು ಬಿಡಿಸಿದರೆ ಚೆನ್ನಾಗಿ ಬರುತ್ತದೆ. ನೋಡದೆ ಬಿಡಿಸಿದರೆ ಪ್ಲಾಸ್ಟಿಕ್ ಆಟಿಕೆಯ ಹಾಗೆ ಕಾಣುತ್ತದೆ. ಈಗ ಒಂದು ಕತೆಗಾಗಿ ನನ್ನದೇ ಪ್ರಾಣಿಯೊಂದನ್ನು ಹುಟ್ಟಿಸಲು ಹೊರಟಿದ್ದೇನೆ. ಹುಲಿಯ ತಲೆ, ಮೊಸಳೆಯ ಮೈ, ಹದ್ದಿನ ರೆಕ್ಕೆ ಸೇರಿಸಿದೆ. ಮೂರು ಚಿತ್ರ ಕತ್ತರಿಸಿ ಅಂಟಿಸಿದ ಹಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ? ಡೈನೋಸಾರ್‌ಗೆ ಪುಕ್ಕ ಬಿಡಿಸಲೇಬೇಕಾ? ಬಣ್ಣ ಯಾವುದು ಹಾಕಲಿ?

ಉತ್ತರ: ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ. ಹೊಲಿಗೆ. ದರ್ಜಿಯ ಕೈ ಪಳಗಿದ್ದರೆ ಎರಡು ಬಟ್ಟೆ ಕೂಡಿದ ಜಾಗ ಹೊರಗೆ ಕಾಣುವುದಿಲ್ಲ, ಅಲ್ವಾ? ಅಳಿದುಹೋದ ಪ್ರಾಣಿಯ ಚಿತ್ರದಲ್ಲೂ ಅಂಥ ಜಾಗ ಇರುತ್ತದೆ. ಸಿಕ್ಕ ಮೂಳೆ ಮುಗಿದು ನಮ್ಮ ಊಹೆ ಶುರುವಾಗುವ ಜಾಗ ಅದು. ಕಲ್ಪನೆಯ ಪ್ರಾಣಿಯಲ್ಲಿ ಹುಲಿ ಮುಗಿದು ಮೊಸಳೆ ಶುರುವಾಗುವ ಜಾಗ. ನಿಮ್ಮ ಚಿತ್ರದಲ್ಲಿ ಈ ಜಾಗಗಳು ಎದ್ದು ಕಾಣುತ್ತಿವೆ. ಅವನ್ನು ಮುಚ್ಚುವ ದಾರಿ ಕಲಿಯಬಹುದು. ಇನ್ನೊಬ್ಬರ ಡೈನೋಸಾರ್ ಚಿತ್ರ ನಕಲು ಮಾಡುತ್ತಾ ಕೂತರೆ ಮಾತ್ರ ಅದು ಬರುವುದಿಲ್ಲ. ಆ ಚಿತ್ರ ಬಿಡಿಸಿದವರು ತಮ್ಮ ಊಹೆಯನ್ನು ಆಗಲೇ ಹೊಲಿದು ಮುಗಿಸಿದ್ದಾರೆ. ನಿಮಗೆ ಹೊರಗಿನ ಬಟ್ಟೆ ಮಾತ್ರ ಸಿಗುತ್ತದೆ.

ಹಾಗಾಗಿ ಮೊದಲ ಕೆಲಸ, ಒಂದು ವಾರ ಡೈನೋಸಾರ್ ಬಿಡಿಸುವುದನ್ನೇ ನಿಲ್ಲಿಸಿ. ಕೋಳಿ ಬಿಡಿಸಿ.

ಸುಮ್ನೆ ಹೇಳುತ್ತಿಲ್ಲ. ಹಕ್ಕಿಗಳು ಎರಡು ಕಾಲಿನ ಡೈನೋಸಾರ್‌ಗಳ ವಂಶದಲ್ಲೇ ಹುಟ್ಟಿದವು. ನಿಮ್ಮ ಓಣಿಯಲ್ಲಿ ಕೆದಕುತ್ತಾ ಓಡಾಡುವ ನಾಟಿ ಕೋಳಿಗಿಂತ ಒಳ್ಳೆಯ ಮಾದರಿ ಯಾವ ಮ್ಯೂಸಿಯಂನಲ್ಲೂ ಸಿಗದು. ಅದರ ಕಾಲು ನೋಡಿ. ಮಂಡಿ ಹಿಂದಕ್ಕೆ ಮಡಚುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಹಾಗಲ್ಲ. ಹಿಂದಕ್ಕೆ ಚಾಚಿದ ಆ ಗಂಟು ಕೋಳಿಯ ಹಿಮ್ಮಡಿ. ಅದರಿಂದ ಕೆಳಗೆ ಹುರುಪೆ ಹೊದ್ದ ಉದ್ದನೆಯ ಕಡ್ಡಿ ಇದೆಯಲ್ಲ, ಅದು ಪಾದದ ಮೂಳೆ. ಕೋಳಿ ನಡೆಯುವುದು ಬೆರಳುಗಳ ಮೇಲೆ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಪುಕ್ಕದೊಳಗೆ ಅಡಗಿದೆ. ನಮ್ಮ ಮಂಡಿಯ ಹಾಗೆಯೇ ಅದೂ ಮುಂದಕ್ಕೆ ಮುಖ ಮಾಡಿದೆ. ಮನೆಯಲ್ಲಿ ಕೋಳಿ ಸಾರು ಮಾಡುತ್ತಿದ್ದರೆ ಇನ್ನೂ ಸುಲಭ. ತೊಡೆ ಪೀಸು, ಲೆಗ್ ಪೀಸು ಎರಡನ್ನೂ ತೆಗೆದು ತಟ್ಟೆಯ ಮೇಲೆ ಜೋಡಿಸಿ. ಮಾಂಸ ಬಿಡಿಸಿ. ಯಾವ ಮೂಳೆಯ ತುದಿ ಯಾವುದರ ಮೇಲೆ ಕೂರುತ್ತದೆ, ಎಷ್ಟು ಮಡಚುತ್ತದೆ, ಎಲ್ಲಿ ತಡೆಯುತ್ತದೆ ಅಂತ ಕೈಯಲ್ಲೇ ಆಡಿಸಿ ನೋಡಿ. ಕತ್ತಿನ ಬುಡದಲ್ಲಿ ಕವಣೆಯ ಕವಲಿನ ಹಾಗಿರುವ ಸಣ್ಣ ಮೂಳೆ ಸಿಗುತ್ತದೆ. ಟಿರಾನೊಸಾರಸ್‌ಗೂ ಅದೇ ಮೂಳೆ ಇತ್ತು.

ಕೋಳಿಗೂ ಡೈನೋಸಾರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಟಿಕೆ ಆಟಿಕೆಯಾಗಿ ಕಾಣುವುದು ಅಲ್ಲಿಂದಲೇ. ಬಾಲ. ಕೋಳಿಗೆ ಮೂಳೆ ಮಾಂಸದ ಬಾಲ ಇಲ್ಲವೆಂದೇ ಹೇಳಬಹುದು, ಇರುವುದು ಪುಕ್ಕ. ಎರಡು ಕಾಲಿನ ಡೈನೋಸಾರ್ ಒಂದು ತಕ್ಕಡಿ ಇದ್ದ ಹಾಗೆ. ಸೊಂಟ ತಕ್ಕಡಿಯ ನಡು. ಮುಂದಿನ ತಟ್ಟೆಯಲ್ಲಿ ತಲೆ, ಎದೆ, ಹೊಟ್ಟೆ. ಹಿಂದಿನ ತಟ್ಟೆಯಲ್ಲಿ ಬಾಲ. ಬಾಲ ತೆಳ್ಳಗಾದರೆ ಪ್ರಾಣಿ ಮೂತಿ ಅಡಿಯಾಗಿ ಬೀಳುತ್ತದೆ. ಅದಲ್ಲದೆ ಬಾಲದ ಬುಡದಿಂದ ತೊಡೆಮೂಳೆಗೆ ಒಂದು ದಪ್ಪ ಸ್ನಾಯು ಹೋಗುತ್ತದೆ. ಹೆಜ್ಜೆ ಇಡುವಾಗ ಕಾಲನ್ನು ಹಿಂದಕ್ಕೆ ಎಳೆಯುವುದು ಅದೇ. ಮೊಸಳೆಗೂ ಉಡಕ್ಕೂ ಇವತ್ತಿಗೂ ಆ ಸ್ನಾಯು ಇದೆ. ಉಡ ನಡೆಯುವಾಗ ನೋಡಿದರೆ ಬಾಲದ ಬುಡ ತೊಡೆಯೊಳಗೆ ಕರಗಿದ ಹಾಗೆ ಕಾಣುತ್ತದೆ. ಎಲ್ಲಿ ಬಾಲ ಮುಗಿಯಿತು, ಎಲ್ಲಿ ತೊಡೆ ಶುರುವಾಯಿತು ಅಂತ ಗೆರೆ ಹಾಕಲು ಆಗುವುದಿಲ್ಲ. ಆಟಿಕೆಗಳಲ್ಲಿ ಸೊಂಟದ ಹಿಂದೆ ಹಗ್ಗ ಕಟ್ಟಿದ ಹಾಗೆ ಬಾಲ ಇರುತ್ತದೆ. ನಿಮ್ಮ ಹಳೆಯ ಚಿತ್ರಗಳನ್ನು ತೆಗೆದು ಈ ಒಂದು ಜಾಗ ನೋಡಿ. ಅದನ್ನು ತಿದ್ದಿದರೇ ಅರ್ಧ ಕೆಲಸ ಆಯಿತು.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಬಾಲವನ್ನು ನೆಲದ ಮೇಲೆ ಎಳೆಯಬೇಡಿ. ಡೈನೋಸಾರ್ ಹೆಜ್ಜೆಗಳ ಅಚ್ಚು ಬಂಡೆಗಳಲ್ಲಿ ಬೇಕಾದಷ್ಟು ಸಿಕ್ಕಿವೆ, ಜೊತೆಗೆ ಬಾಲ ಎಳೆದ ಗುರುತು ಸಿಗುವುದು ಬಹಳ ಅಪರೂಪ. ಮಾಂಸ ತಿನ್ನುವ ಡೈನೋಸಾರ್‌ನ ಅಂಗೈಯನ್ನು ಕೆಳಮುಖ ಮಾಡಬೇಡಿ. ಚಪ್ಪಾಳೆ ತಟ್ಟಲು ಹೊರಟ ಹಾಗೆ ಎರಡು ಅಂಗೈ ಒಂದಕ್ಕೊಂದು ಎದುರಾಗಿರಲಿ. ಕೋಳಿ ರೆಕ್ಕೆ ಮಡಚುವುದು ಹಾಗೆಯೇ.

ಈಗ ಊಹೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಾರ್ಕಿನಲ್ಲಿ 1854ರಲ್ಲಿ ಡೈನೋಸಾರ್ ಮೂರ್ತಿಗಳನ್ನು ನಿಲ್ಲಿಸಿದರು. ಮಾಡಿದವರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. ನಿಜವಾದ ಅಳತೆಯಲ್ಲಿ ಡೈನೋಸಾರ್‌ಗೆ ಮೈ ಕೊಟ್ಟ ಮೊದಲ ದೊಡ್ಡ ಪ್ರಯತ್ನ ಅದು. ಅಲ್ಲಿನ ಇಗ್ವಾನೊಡಾನ್ ನಾಲ್ಕು ಕಾಲಿನ ಮೇಲೆ ನಿಂತ ದಪ್ಪ ಹಲ್ಲಿಯ ಹಾಗಿದೆ. ಮೂಗಿನ ಮೇಲೆ ಘೇಂಡಾಮೃಗಕ್ಕಿರುವಂಥ ಕೊಂಬು. ಆಗ ಸಿಕ್ಕಿದ್ದವು ಹಲ್ಲು ಮತ್ತು ಕೆಲವು ಮೂಳೆ, ಅಷ್ಟೇ. ಅವುಗಳ ನಡುವೆ ಒಂದು ಚೂಪಾದ ಮೂಳೆ ಇತ್ತು. ಅದು ಎಲ್ಲಿಯದು? ಮೂಗಿನ ಮೇಲೆ ಕೂರಿಸಿದರು. 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಊರಿನ ಕಲ್ಲಿದ್ದಲು ಗಣಿಯಲ್ಲಿ, ನೆಲದಿಂದ 300 ಮೀಟರಿಗೂ ಆಳದಲ್ಲಿ, ಇಗ್ವಾನೊಡಾನ್‌ನ ಪೂರ್ತಿ ಅಸ್ಥಿಪಂಜರಗಳೇ ಸಿಕ್ಕವು. 30ಕ್ಕೂ ಹೆಚ್ಚು. ಆ ಚೂಪು ಮೂಳೆ ಮೂಗಿನದಲ್ಲ, ಕೈಯ ಹೆಬ್ಬೆರಳಿನದು ಅಂತ ಆಗ ಖಚಿತವಾಯಿತು. ಲಂಡನ್ನಿನ ಮೂರ್ತಿಗಳು ಮೂಗಿನ ಕೊಂಬಿನ ಸಮೇತ ಈಗಲೂ ಅಲ್ಲೇ ನಿಂತಿವೆ. ನನಗೆ ಆ ಮೂರ್ತಿಗಳ ಮೇಲೆ ಬಹಳ ಗೌರವ ಇದೆ. ಆ ಕಾಲದವರು ಸಿಕ್ಕ ಮೂಳೆಯನ್ನು ಬಿಸಾಡಲಿಲ್ಲ, ಬದುಕಿರುವ ಪ್ರಾಣಿಗಳಲ್ಲಿ ಅಂಥದ್ದು ಎಲ್ಲಿದೆ ಅಂತ ಹುಡುಕಿದರು, ಧೈರ್ಯವಾಗಿ ಒಂದು ಜಾಗ ಆರಿಸಿದರು. ಊಹೆ ತಪ್ಪಾಯಿತು, ಊಹಿಸಿದ ರೀತಿ ತಪ್ಪಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ನೋಡಿ. ಬರಾಪಾಸಾರಸ್ ಟಾಗೋರೈ. ಗೋದಾವರಿ-ಪ್ರಾಣಹಿತಾ ಕಣಿವೆಯಲ್ಲಿ ಸಿಕ್ಕ, ಉದ್ದ ಕತ್ತಿನ, ಸೊಪ್ಪು ತಿನ್ನುವ ಡೈನೋಸಾರ್. ಬಂಗಾಳಿಯಲ್ಲಿ 'ಬರಾ ಪಾ' ಎಂದರೆ ದೊಡ್ಡ ಕಾಲು. ಕವಿ ಟಾಗೋರರ ನೂರನೇ ಹುಟ್ಟುಹಬ್ಬದ ವರ್ಷ 1961ರಲ್ಲಿ ಮೂಳೆಗಳನ್ನು ಅಗೆದು ತೆಗೆಯುವ ಕೆಲಸ ಶುರುವಾಯಿತು, ಅದಕ್ಕೇ ಅವರ ಹೆಸರು. 1975ರಲ್ಲಿ ವಿಜ್ಞಾನಿಗಳು ಅದಕ್ಕೆ ಈ ಹೆಸರಿಟ್ಟರು. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಮ್ಯೂಸಿಯಂನಲ್ಲಿ ಅದರ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಹಲವು ಪ್ರಾಣಿಗಳ ಸುಮಾರು 300 ಮೂಳೆ ಸಿಕ್ಕಿದ್ದವು. ಕಾಲು, ಬೆನ್ನು, ಬಾಲ, ಎಲ್ಲ ಇದೆ. ತಲೆಬುರುಡೆ ಮಾತ್ರ ಸಿಗಲಿಲ್ಲ. ಕೆಲವು ಹಲ್ಲು ಸಿಕ್ಕವು, ಅಷ್ಟೇ.

ಬರಾಪಾಸಾರಸ್‌ನ ತಲೆ ನೀವು ಬಿಡಿಸಬೇಕು ಅಂದುಕೊಳ್ಳಿ. ಏನು ಮಾಡುತ್ತೀರಿ? ಬಂಧುಗಳ ಮನೆಗೆ ಹೋಗಬೇಕು. ಅದೇ ಕಾಲದ, ಅದೇ ಬಳಗದ ಬೇರೆ ಡೈನೋಸಾರ್‌ಗಳ ತಲೆ ಹೇಗಿತ್ತು? ಸಿಕ್ಕ ಹಲ್ಲಿನ ಆಕಾರಕ್ಕೆ ಎಂಥ ದವಡೆ ಒಪ್ಪುತ್ತದೆ? ಅಷ್ಟು ಉದ್ದ ಕತ್ತಿನ ತುದಿಯಲ್ಲಿ ಎಷ್ಟು ಭಾರದ ತಲೆ ಇರಲು ಸಾಧ್ಯ? ಮೂರು ಪ್ರಶ್ನೆಗೆ ಉತ್ತರ ಹುಡುಕಿದರೆ ತಲೆ ತಾನಾಗಿ ಒಂದು ಆಕಾರಕ್ಕೆ ಬರುತ್ತದೆ. ನಾನು ಇಂಥ ಚಿತ್ರ ಶುರು ಮಾಡುವಾಗ ಸಿಕ್ಕ ಮೂಳೆಗಳನ್ನು ಕಪ್ಪು ಪೆನ್ಸಿಲ್‌ನಲ್ಲಿ, ಬಂಧುಗಳಿಂದ ಎರವಲು ತಂದದ್ದನ್ನು ನೀಲಿಯಲ್ಲಿ, ಬರೀ ನನ್ನ ಊಹೆಯನ್ನು ಕೆಂಪಿನಲ್ಲಿ ಬಿಡಿಸುತ್ತೇನೆ. ನೀವೂ ಮಾಡಿ ನೋಡಿ. ಮೂರು ಬಣ್ಣ ಎಲ್ಲಿ ಸೇರುತ್ತವೋ ಅಲ್ಲೇ ನಿಮ್ಮ ಹೊಲಿಗೆ. ಕೆಂಪು ಜಾಸ್ತಿ ಆದರೆ ಭಯ ಬೇಡ. ಯಾವುದು ಕೆಂಪು ಅಂತ ನಿಮಗೆ ಗೊತ್ತಿದ್ದರೆ ಸಾಕು.

ಊಹೆಗೆ ಹೆದರಿ ಬರೀ ಮೂಳೆಯ ಮೇಲೆ ಚರ್ಮ ಹೊದಿಸಿ ಬಿಡುವವರಿದ್ದಾರೆ. ಕಣ್ಣಿನ ಗುಳಿ, ಪಕ್ಕೆಲುಬು ಎಲ್ಲ ಎದ್ದು ಕಾಣುವ, ಬರಗಾಲದಲ್ಲಿ ಬಡಕಲಾದ ದನದಂಥ ಡೈನೋಸಾರ್‌ಗಳು. ಇದೂ ತಪ್ಪೇ. ಒಂದು ಹಳ್ಳಿಕಾರ್ ಹೋರಿ ನೆನೆಸಿಕೊಳ್ಳಿ. ಹೆಗಲ ಮೇಲೆ ಏರಿದ ಹಿಣಿಲು, ಕತ್ತಿನ ಕೆಳಗೆ ಇಳಿಬಿದ್ದ ಗಂಗೆದೊಗಲು. ಆ ಹೋರಿಯ ಅಂದ ಇರುವುದೇ ಅಲ್ಲಿ. ಅದರ ಮೂಳೆ ಮಾತ್ರ ಸಿಕ್ಕು, ದನ ಎಂದರೇನು ಅಂತ ಗೊತ್ತಿಲ್ಲದ ಒಬ್ಬರು ಬಿಡಿಸಿದರೆ ಗಂಗೆದೊಗಲು ಬರುವುದೇ ಇಲ್ಲ. ಹಿಣಿಲೂ ಬರುವುದು ಅನುಮಾನ, ಅದು ಮಾಂಸದ ಗುಡ್ಡೆ. ಆನೆಯ ಸೊಂಡಿಲಲ್ಲಿ ಒಂದೂ ಮೂಳೆ ಇಲ್ಲ. ಹುಂಜದ ಜುಟ್ಟಿನಲ್ಲೂ ಇಲ್ಲ. ಬಳ್ಳಾರಿ ಹತ್ತಿರದ ಕಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ನವಶಿಲಾಯುಗದ ಜನ ದನಗಳನ್ನು ಕೆತ್ತಿದ್ದಾರೆ. ಉದ್ದ ಕೊಂಬು, ಜೊತೆಗೆ ಹಿಣಿಲು. ಕಣ್ಣಾರೆ ಕಂಡವರು ಅದನ್ನು ಬಿಡಲು ಹೇಗೆ ಸಾಧ್ಯ?

ಇದು ವಿಜ್ಞಾನಕ್ಕೂ ಉಪಯೋಗಕ್ಕೆ ಬಂದಿದೆ. ಮೆಗಲಾಸೆರಸ್ ಎಂಬ ಅಳಿದುಹೋದ ದೈತ್ಯ ಜಿಂಕೆಗೆ ಹೆಗಲ ಮೇಲೆ ದಟ್ಟ ಬಣ್ಣದ ಡುಬ್ಬ ಇತ್ತು ಅಂತ ನಾವು ಹೇಳುವುದು ಫ್ರಾನ್ಸಿನ ಗುಹೆಗಳಲ್ಲಿ ಹಿಮಯುಗದ ಜನ ಬಿಡಿಸಿದ ಚಿತ್ರ ನೋಡಿ. ಮೂಳೆ ಹೇಳದ್ದನ್ನು ಚಿತ್ರಕಾರ ಹೇಳಿದ್ದಾನೆ. ಡೈನೋಸಾರ್ ಕಾಲದಲ್ಲಿ ಚಿತ್ರ ಬಿಡಿಸುವವರು ಇರಲಿಲ್ಲ. ಆದರೂ ಅಪರೂಪಕ್ಕೆ ಬಂಡೆಯೇ ಆ ಕೆಲಸ ಮಾಡುತ್ತದೆ. ಕೆನಡಾದಲ್ಲಿ ಸಿಕ್ಕ ಎಡ್ಮಂಟೊಸಾರಸ್ ಎಂಬ ಒಂದು ಡೈನೋಸಾರ್ ತಲೆಯ ಮೇಲೆ ಹುಂಜದ ಜುಟ್ಟಿನಂಥ ಮೆತ್ತನೆಯ ಮಾಂಸದ ಗುಬುಟು ಇದ್ದದ್ದು 2013ರಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಯಾರಾದರೂ ಅದಕ್ಕೆ ಜುಟ್ಟು ಬಿಡಿಸಿದ್ದರೆ ಜನ ಒಪ್ಪುತ್ತಿದ್ದರೋ ಇಲ್ಲವೋ. ಹಾಗಾಗಿ ಮಾಂಸ, ಕೊಬ್ಬು, ಜೋಲು ಚರ್ಮ ಬಿಡಿಸಲು ಹಿಂಜರಿಯಬೇಡಿ. ಒಂದೇ ಮಾತು, ಅಂಥದ್ದು ಇವತ್ತಿನ ಯಾವ ಪ್ರಾಣಿಯಲ್ಲಿ ಇದೆ, ಅದಕ್ಕೆ ಏನು ಉಪಯೋಗ ಅಂತ ನಿಮಗೆ ನೀವೇ ಹೇಳಿಕೊಳ್ಳಲು ಬರಬೇಕು.

ಪುಕ್ಕದ ಪ್ರಶ್ನೆಗೂ ಇದೇ ದಾರಿಯಲ್ಲಿ ಉತ್ತರ ಇದೆ. ಎಲ್ಲದಕ್ಕೂ ಬೇಡ, ಯಾವುದಕ್ಕೂ ಬೇಡ ಅಂತಲೂ ಅಲ್ಲ. ಬಂಧುಗಳನ್ನು ಕೇಳಿ. ವೆಲೊಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ನೆಟ್ಟಿದ್ದ ಗುಬುಟುಗಳು ಇದ್ದದ್ದು 2007ರಲ್ಲಿ ಪ್ರಕಟವಾಯಿತು. ಅದನ್ನು ಬೋಳಾಗಿ ಬಿಡಿಸಿದರೆ ಈಗ ತಪ್ಪು. ನಮ್ಮ ರಾಜಾಸಾರಸ್ ನರ್ಮದೆನ್ಸಿಸ್ ವಿಷಯ ಬೇರೆ. ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕ, ತಲೆಯ ಮೇಲೆ ಮೊಂಡು ಕೊಂಬಿದ್ದ ಬೇಟೆಗಾರ ಅದು. 1980ರ ದಶಕದಲ್ಲಿ ಮೂಳೆಗಳನ್ನು ಸಂಗ್ರಹಿಸಿದರು, 2003ರಲ್ಲಿ ಹೆಸರು ಬಂತು. ಅದರ ದಾಯಾದಿ ಅರ್ಜೆಂಟೀನಾದ ಕಾರ್ನೊಟಾರಸ್. ಅದರ ಜೊತೆ ಚರ್ಮದ ಅಚ್ಚೂ ಸಿಕ್ಕಿದೆ. ಅಲ್ಲಿ ಹುರುಪೆ ಇದೆ, ಪುಕ್ಕ ಇಲ್ಲ. ಹಾಗಾದರೆ ರಾಜಾಸಾರಸ್‌ಗೆ ಹುರುಪೆಯ ಚರ್ಮ ಬಿಡಿಸುವುದೇ ನ್ಯಾಯ. ಅರ್ಜೆಂಟೀನಾದ ಪ್ರಾಣಿ ಗುಜರಾತಿನದಕ್ಕೆ ದಾಯಾದಿ ಹೇಗಾಯಿತು ಅಂತ ಕೇಳಬಹುದು. ದಕ್ಷಿಣ ಅಮೆರಿಕ, ಆಫ್ರಿಕಾ, ಮಡಗಾಸ್ಕರ್, ಭಾರತ ಎಲ್ಲ ಹಿಂದೆ ಒಂದೇ ದೊಡ್ಡ ನೆಲದ ತುಂಡುಗಳು. ಕಾರ್ನೊಟಾರಸ್‌ನ ಕೈಗಳು ತೀರಾ ಚಿಕ್ಕವು, ತುಂಡು ಕೋಲಿನ ಹಾಗೆ. ರಾಜಾಸಾರಸ್‌ಗೂ ಅಂಥ ಕೈಯನ್ನೇ ಎರವಲು ಕೊಡಿ.

ಬಣ್ಣದಲ್ಲಿ ಮೊದಲಿಗಿಂತ ಈಗ ಸ್ವಲ್ಪ ಆಧಾರ ಇದೆ. ಚೀನಾದ ಡೈನೋಸಾರ್ ಸೈನೊಸಾರೊಪ್ಟೆರಿಕ್ಸ್‌ನ ಪುಕ್ಕಗಳಲ್ಲಿ ಬಣ್ಣದ ಸಣ್ಣ ಕಣಗಳು ಉಳಿದಿದ್ದವು. 2010ರಲ್ಲಿ ಅವುಗಳ ಆಕಾರ ನೋಡಿ ಅದರ ಬಣ್ಣ ಇಟ್ಟಿಗೆ ಕಂದು, ಬಾಲದಲ್ಲಿ ಬಿಳಿ ಪಟ್ಟೆ ಅಂತ ಹೇಳಿದರು. ಆದರೆ ಬಹುಪಾಲು ಡೈನೋಸಾರ್‌ಗಳ ಬಣ್ಣ ನಿಮ್ಮ ಕೈಯಲ್ಲೇ ಇದೆ. ಎಲ್ಲಿ ಇತ್ತು, ಯಾರಿಂದ ಅಡಗಬೇಕಿತ್ತು ಅಂತ ಯೋಚಿಸಿ. ಬಯಲಲ್ಲಿ ಓಡಾಡುವ ಎಷ್ಟೋ ಪ್ರಾಣಿಗಳ ಬೆನ್ನು ಗಾಢ, ಹೊಟ್ಟೆ ತಿಳಿ. ಕೃಷ್ಣಮೃಗ ನೋಡಿದ್ದೀರಲ್ಲ? ಮೇಲಿಂದ ಬೀಳುವ ಬಿಸಿಲಿಗೆ ಹೊಟ್ಟೆಯ ಕೆಳಗೆ ನೆರಳಾಗುತ್ತದೆ. ಹೊಟ್ಟೆ ತಿಳಿಯಾಗಿದ್ದರೆ ಆ ನೆರಳು ಕರಗುತ್ತದೆ, ದೂರದಿಂದ ಪ್ರಾಣಿಯ ಮೈ ಚಪ್ಪಟೆಯಾಗಿ ಕಾಣುತ್ತದೆ.

ಅದು ನಿಂತ ಜಾಗವನ್ನೂ ಮರೆಯಬೇಡಿ. ಡೈನೋಸಾರ್ ಚಿತ್ರಗಳಲ್ಲಿ ಹುಲ್ಲುಗಾವಲು ಬಿಡಿಸಬಾರದು ಅಂತ ಹಳಬರು ಹೇಳುತ್ತಾರೆ. ಅವುಗಳ ಕಾಲದ ಬಹುಭಾಗದಲ್ಲಿ ಹುಲ್ಲು ಇರಲಿಲ್ಲ. ಆದರೆ ಭಾರತದ ಕೊನೆಗಾಲದ ಡೈನೋಸಾರ್‌ಗಳಿಗೆ ಇದು ಪೂರ್ತಿ ಒಪ್ಪುವುದಿಲ್ಲ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಲದ್ದಿಯಲ್ಲಿ ಹುಲ್ಲಿನ ಗುರುತುಗಳನ್ನು 2005ರಲ್ಲಿ ಗುರುತಿಸಿದರು. ನೀವು ರಾಜಾಸಾರಸ್ ಕಾಲದ ಚಿತ್ರ ಬಿಡಿಸಿದರೆ ಅಲ್ಲಿ ಇಲ್ಲಿ ನಾಲ್ಕು ಹುಲ್ಲಿನ ತೆಂಡೆ ಇಡಬಹುದು. ಬಯಲು ತುಂಬ ಬೇಡ.

ಒಂದು ಸನ್ನಿವೇಶ ಬೇಕಾದರೆ ಬಂಡೆಯೇ ಜೋಡಿಸಿಕೊಟ್ಟದ್ದು ಇದೆ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಒಂದು ಡೈನೋಸಾರ್ ಗೂಡು ಸಿಕ್ಕಿತು. ಒಡೆದ ಮೊಟ್ಟೆ. ಪಕ್ಕದಲ್ಲಿ ಸುಮಾರು ಅರ್ಧ ಮೀಟರ್ ಉದ್ದದ, ಆಗಷ್ಟೇ ಹೊರಬಂದ ಮರಿ. ಮೊಟ್ಟೆಯನ್ನು ಸುತ್ತಿಕೊಂಡ ಮೂರೂವರೆ ಮೀಟರಿನ ಹಾವು. ಸುಮಾರು 6.7 ಕೋಟಿ ವರ್ಷದ ಹಿಂದೆ ಎಲ್ಲವೂ ಒಮ್ಮೆಲೇ ಮಣ್ಣಿನಡಿ ಸೇರಿಬಿಟ್ಟವು. ಹಾವಿಗೆ ಸನಾಜೆ ಇಂಡಿಕಸ್ ಅಂತ 2010ರಲ್ಲಿ ಹೆಸರಿಟ್ಟರು. ಜಗಳ ಬಿಡಿಸಬೇಕು, ಬಾಯಿ ತೆರೆದು ಅಬ್ಬರಿಸಬೇಕು ಅಂತ ಎಲ್ಲರಿಗೂ ಆಸೆ. ನನ್ನ ಕಣ್ಣಿಗೆ ಆ ಗೂಡಿನ ಪಕ್ಕದ ಒಂದು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಜೀವ ಇದೆ.

ಸರಿ, ಈಗ ನಿಮ್ಮ ಹುಲಿ-ಮೊಸಳೆ-ಹದ್ದಿನ ವಿಷಯ.

ಇದಕ್ಕೆ ದೂರ ಹೋಗುವುದು ಬೇಡ. ತಿಪಟೂರಿನಿಂದ ಒಂದು ದಿನದಲ್ಲಿ ಹಳೇಬೀಡಿಗೆ ಹೋಗಿ ಬರಬಹುದು. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು ಅಂತ ಸಾಲು ಸಾಲಾಗಿ ಪಟ್ಟಿಗಳಿವೆ. ಪುರಾಣದ ಕತೆಗಳ ಸಾಲು ದಾಟಿ ಹಂಸಗಳ ಸಾಲಿನ ಕೆಳಗೆ ಮಕರದ ಸಾಲು ಸಿಗುತ್ತದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಪಾದ, ನವಿಲಿನ ಬಾಲ ಅಂತ ಗೈಡ್‌ಗಳು ಹೇಳುತ್ತಾರೆ. ನಿಮ್ಮದರಲ್ಲಿ ಇರುವುದು ಮೂರೇ ಪ್ರಾಣಿ, ಇದರಲ್ಲಿ ಐದು. ಆದರೂ ಅಂಟಿಸಿದ ಹಾಗೆ ಕಾಣುವುದಿಲ್ಲ. ಯಾಕೆ?

ಒಂದೇ ಮಕರದ ಮುಂದೆ ಕೂತು ಸೊಂಡಿಲಿನ ಬುಡವನ್ನು ಬಿಡಿಸಿ ನೋಡಿ. ಮೊಸಳೆಯ ಮೂಗಿನ ಹೊಳ್ಳೆ ಇರುವುದು ಮೂತಿಯ ತುತ್ತತುದಿಯಲ್ಲಿ. ಆನೆಯ ಸೊಂಡಿಲು ಎಂದರೂ ಮೂಗೇ, ಮೇಲ್ದುಟಿಯ ಜೊತೆ ಸೇರಿ ಬೆಳೆದ ಮೂಗು. ಶಿಲ್ಪಿ ಮೊಸಳೆಯ ಮೂತಿ ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿಸಿ ಸೊಂಡಿಲು ಮಾಡಿದ್ದಾನೆ. ಮೂಗಿಗೆ ಮೂಗು ಜೋಡಿಸಿದ್ದಾನೆ! ಆನೆಯ ಸೊಂಡಿಲನ್ನು ಮೊಸಳೆಯ ಹಣೆಗೋ ಗಲ್ಲಕ್ಕೋ ಅಂಟಿಸಿದ್ದರೆ ನಮಗೆ ಒಪ್ಪಿಗೆ ಆಗುತ್ತಿರಲಿಲ್ಲ. ಬಾಲವೂ ಅಷ್ಟೇ. ಹಿಂಭಾಗದಲ್ಲಿ ಬಾಲ ಇರಬೇಕಾದ ಜಾಗದಿಂದಲೇ ಬಳ್ಳಿ ಸುರುಳಿಯ ಹಾಗೆ ಚಿಮ್ಮಿ ಹರಡುತ್ತದೆ. ಎರಡು ಪ್ರಾಣಿಗಳಲ್ಲಿ ಒಂದೇ ಕೆಲಸ ಮಾಡುವ ಭಾಗ ಎಲ್ಲಿದೆಯೋ ಅಲ್ಲಿ ಹೊಲಿಗೆ ಹಾಕಬೇಕು. ನಾನು ಕಲ್ಪನೆಯ ಪ್ರಾಣಿ ಬಿಡಿಸುವ ವಿದ್ಯೆ ಕಲಿತದ್ದು ಆ ಗೋಡೆಯ ಮುಂದೆ.

ಇದನ್ನು ನಿಮ್ಮ ಪ್ರಾಣಿಗೆ ಹಚ್ಚಿ ನೋಡೋಣ. ಹುಲಿಯ ಕಾಲು ಕಂಬದ ಹಾಗೆ ಮೈಯ ಕೆಳಗೆ ನಿಲ್ಲುತ್ತದೆ. ಮೊಸಳೆಯ ಕಾಲು ಪಕ್ಕಕ್ಕೆ ಚಾಚಿರುತ್ತದೆ. ಹಾಗಾಗಿ ಇವೆರಡರ ಹೆಗಲು ಬೇರೆ, ಕತ್ತು ಬೇರೆ. ಹುಲಿಯ ತಲೆಯನ್ನು ಹಾಗೇ ತಂದು ಮೊಸಳೆಯ ಕತ್ತಿಗೆ ಇಟ್ಟರೆ ನಮ್ಮ ಕಣ್ಣು ತಕ್ಷಣ ಹಿಡಿದುಬಿಡುತ್ತದೆ. ಮೊದಲು ಒಂದು ತೀರ್ಮಾನ ಮಾಡಿ, ಈ ಪ್ರಾಣಿ ಎಲ್ಲಿ ಬದುಕುತ್ತದೆ? ಹೊಳೆಯಲ್ಲಿ ಅಂತಿಟ್ಟುಕೊಳ್ಳಿ. ನೀರಿನಲ್ಲಿ ಅಡಗಿ ಕೂರುವ ಪ್ರಾಣಿಗಳ ಕಣ್ಣು, ಮೂಗು ತಲೆಯ ಮೇಲ್ಭಾಗಕ್ಕೆ ಸರಿದಿರುತ್ತವೆ. ಮೊಸಳೆ, ನೀರಾನೆ, ಕಪ್ಪೆ ಒಂದಕ್ಕೊಂದು ಸಂಬಂಧವೇ ಇಲ್ಲ, ಮೂರಕ್ಕೂ ಹಾಗೇ ಇದೆ. ಹಾಗಿದ್ದರೆ ನಿಮ್ಮ ಹುಲಿಯ ಕಣ್ಣೂ ಮೇಲೇರಲಿ. ಮೂಗಿನ ಹೊಳ್ಳೆ ಮೇಲ್ಮುಖವಾಗಲಿ. ಕಿವಿ ಚಿಕ್ಕದಾಗಿ ಮುಚ್ಚಿಕೊಳ್ಳುವ ಹಾಗಿರಲಿ, ತುಂಗಭದ್ರೆಯ ನೀರುನಾಯಿಗೆ ಇರುವ ಹಾಗೆ. ಮೀಸೆ ಇನ್ನೂ ಉದ್ದವಾಗಲಿ. ನೀರುನಾಯಿ ಕಲಕಿದ ನೀರಿನಲ್ಲಿ ಮೀನಿನ ಅಲುಗಾಟ ತಿಳಿಯುವುದು ಮೀಸೆಯಿಂದ. ಮೊಸಳೆಯ ಮೈಯಲ್ಲೂ ಹುಲಿಯ ಗುಣ ಇಳಿಯಲಿ. ಬೆನ್ನಿನ ಹುರುಪೆಗಳ ಸಾಲಿನಲ್ಲೇ ಪಟ್ಟೆ ಬರಲಿ. ಇಷ್ಟು ಮಾಡುವಷ್ಟರಲ್ಲಿ ಅದು ಹುಲಿಯೂ ಅಲ್ಲ, ಮೊಸಳೆಯೂ ಅಲ್ಲ. ಅದಕ್ಕೆ ಹೆಸರಿಡಬೇಕಾದವರು ನೀವು.

ರೆಕ್ಕೆ ಕಷ್ಟ. ಹಕ್ಕಿಯ ರೆಕ್ಕೆ ಎಂದರೆ ಅದರ ಕೈ. ಬಾವಲಿಯ ರೆಕ್ಕೆಯಲ್ಲಿ ಬೆರಳುಗಳೇ ಉದ್ದವಾಗಿವೆ. ಡೈನೋಸಾರ್ ಕಾಲದ ಹಾರುವ ಸರೀಸೃಪಗಳಾದ ಟೆರೊಸಾರ್‌ಗಳಲ್ಲಿ ಒಂದೇ ಒಂದು ಬೆರಳು ಬೆಳೆದು ರೆಕ್ಕೆಯ ಅಂಚನ್ನು ಹೊತ್ತಿತ್ತು. ಬೆನ್ನುಮೂಳೆ ಇರುವ ಯಾವ ಪ್ರಾಣಿಗೂ ನಾಲ್ಕು ಕಾಲಿನ ಮೇಲೆ ಎರಡು ರೆಕ್ಕೆ ಬೇರೆಯಾಗಿ ಬಂದಿಲ್ಲ. ಬಿಡಿಸಬಾರದು ಅಂತಲ್ಲ. ಬಿಡಿಸಿದರೆ ಆ ರೆಕ್ಕೆಗೆ ಇನ್ನೊಂದು ಜೊತೆ ಹೆಗಲು, ಅದನ್ನು ಬಡಿಯಲು ಎದೆಯಲ್ಲಿ ಮಾಂಸ ಎಲ್ಲಿಂದ ಬಂತು ಅಂತ ತೋರಿಸಬೇಕು. ಕೋಳಿಯಲ್ಲಿ ಜಾಸ್ತಿ ಮಾಂಸ ಇರುವುದು ಎದೆಯಲ್ಲಿ, ಅದು ಹಾರಲು ಇರುವ ಸ್ನಾಯು. ನಾಲ್ಕು ಕೈಯ ವಿಗ್ರಹಗಳಲ್ಲಿ ಶಿಲ್ಪಿಗಳು ಹಿಂದಿನ ಎರಡು ಕೈಗಳನ್ನು ಭುಜದ ಹಿಂದಿನಿಂದ ಹೊರಡಿಸಿ, ಕೂಡುವ ಜಾಗವನ್ನು ಆಭರಣದಲ್ಲಿ ಮರೆಮಾಡುವುದನ್ನು ಗಮನಿಸಿ. ಅದೂ ಒಂದು ದಾರಿ. ಆದರೆ ನನ್ನನ್ನು ಕೇಳಿದರೆ ನಿಮ್ಮ ಹೊಳೆಯ ಪ್ರಾಣಿಗೆ ರೆಕ್ಕೆ ಬೇಡ. ಕತೆಗೆ ಹಾರಾಟ ಬೇಕೇಬೇಕು ಅಂದರೆ ಮುಂಗಾಲುಗಳನ್ನೇ ರೆಕ್ಕೆ ಮಾಡಿ.

ಗಾತ್ರ ದೊಡ್ಡದು ಮಾಡುವಾಗ ಒಂದು ಲೆಕ್ಕ ನೆನಪಿರಲಿ. ಪ್ರಾಣಿಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿದರೆ ಭಾರ ಎಂಟು ಪಟ್ಟಾಗುತ್ತದೆ. ಆ ಭಾರ ಹೊರುವ ಕಾಲಿನ ಮೂಳೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ ಮಾತ್ರ ನಾಲ್ಕೇ ಪಟ್ಟು. ಅದಕ್ಕೇ ಜಿಂಕೆಯ ಕಾಲು ಕಡ್ಡಿ, ಆನೆಯ ಕಾಲು ಕಂಬ. ನಿಮ್ಮ ಪ್ರಾಣಿ ಬಸ್ಸಿನಷ್ಟು ದೊಡ್ಡದಾದರೆ ಕಾಲು ದಪ್ಪವಾಗಲೇಬೇಕು. ದೊಡ್ಡದು ಅಂತ ನೋಡುವವರಿಗೆ ತಿಳಿಸಲು ಪಕ್ಕದಲ್ಲಿ ಗೊತ್ತಿರುವ ಒಂದು ವಸ್ತು ಇಡಿ. ಕೆಳದಿಯ ಗುಡಿಯ ಛಾವಣಿಯಲ್ಲಿ ಗಂಡಭೇರುಂಡ ಇದೆ. ಅದು ಆನೆ, ಸಿಂಹಗಳನ್ನು ಸಣ್ಣ ಬೇಟೆಯ ಹಾಗೆ ಎತ್ತಿಕೊಂಡು ಹೊರಟಿದೆ. ಆನೆ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು. ಹಕ್ಕಿಯ ಗಾತ್ರವನ್ನು ಶಿಲ್ಪಿ ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಉಪಾಯ. ಅಮೆರಿಕದ ಚಾರ್ಲ್ಸ್ ನೈಟ್ ಅವರ ಡೈನೋಸಾರ್ ಚಿತ್ರಗಳನ್ನು ನೋಡಿಯೇ ಎರಡು ಮೂರು ತಲೆಮಾರಿನ ಜನ ಡೈನೋಸಾರ್ ಹೇಗಿತ್ತು ಅಂತ ತಿಳಿದುಕೊಂಡರು. ಅವರ ದೃಷ್ಟಿ ಬಹಳ ಕಡಿಮೆ ಇತ್ತು. ಚಿಕ್ಕಂದಿನಲ್ಲಿ ಕಲ್ಲು ತಗುಲಿ ಬಲಗಣ್ಣಿಗೆ ಪೆಟ್ಟಾಗಿತ್ತು. ಅವರು ಮೃಗಾಲಯದಲ್ಲಿ ಕೂತು ಬದುಕಿರುವ ಪ್ರಾಣಿಗಳನ್ನು ಬಿಡಿಸಿ ಬಿಡಿಸಿ ಕೈ ಪಳಗಿಸಿಕೊಂಡರು. ಅಳಿದ ಪ್ರಾಣಿಯನ್ನು ಬಣ್ಣದಲ್ಲಿ ತೆಗೆಯುವ ಮೊದಲು ಅದರ ಪುಟ್ಟ ಮೂರ್ತಿ ಮಾಡಿ, ಬೆಳಕಿನಲ್ಲಿಟ್ಟು ನೆರಳು ಎಲ್ಲಿ ಬೀಳುತ್ತದೆ ಅಂತ ನೋಡುತ್ತಿದ್ದರು. ನೀವೂ ಮಾಡಿ. ಗೌರಿ ಗಣೇಶ ಮಾಡುವ ಜೇಡಿಮಣ್ಣು ಒಂದು ಮುಷ್ಟಿ ಸಾಕು. ಒಳಗೆ ತಂತಿ ಬಾಗಿಸಿ ಬೆನ್ನುಮೂಳೆ ಮಾಡಿ, ಮೇಲೆ ಮಣ್ಣು ಮೆತ್ತಿ. ಬಾಲದ ಬುಡ ತೆಳ್ಳಗಿದ್ದರೆ ಮೂರ್ತಿ ಮುಂದಕ್ಕೆ ಮಗುಚುತ್ತದೆ. ಹುಲಿ-ಮೊಸಳೆಯ ಕತ್ತು ತಪ್ಪಿದ್ದರೆ ಮಣ್ಣು ಮೆತ್ತುವಾಗಲೇ ಬೆರಳಿಗೆ ತಗಲುತ್ತದೆ. ಸಂಜೆ ನಾಲ್ಕೂವರೆ ಐದರ ಓರೆ ಬಿಸಿಲಿಗೆ ಕಿಟಕಿಯ ಹತ್ತಿರ ಇಟ್ಟು, ಅದನ್ನು ನೋಡಿಕೊಂಡು ಬಿಡಿಸಿ. ಆ ಹೊತ್ತಿಗೆ ಫೋನು ಬೇರೆ ಕೋಣೆಯಲ್ಲಿರಲಿ.